ಒಂಬತ್ತು ಅಂಕಗಳ ಲೆಕ್ಕ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಚರಿತ್ರೆಯನ್ನು ಅಷ್ಟಿಷ್ಟು ಓದಿದವರಿಗೂ ಒಂದು ತೀರ್ಪು ಪರಿಚಿತ: ಅಂಕಿಗಳು ವಿಲ್ಟ್ ಚೇಂಬರ್ಲೇನ್‌ಗೆ, ಗೆಲುವು ಬಿಲ್ ರಸೆಲ್‌ಗೆ. ಮೇಲ್ನೋಟಕ್ಕೆ ಇದಕ್ಕೆ ಆಧಾರ ಗಟ್ಟಿಯಾಗಿಯೇ ಇದೆ. ಏಳಡಿ ಒಂದಂಗುಲ ಎತ್ತರದ ಚೇಂಬರ್ಲೇನ್ 1959ರಿಂದ 1973ರವರೆಗೆ ಎನ್‌ಬಿಎ ಲೀಗ್‌ನಲ್ಲಿ ಹದಿನಾಲ್ಕು ಸೀಸನ್ ಆಡಿ 31,419 ಅಂಕ ಗಳಿಸಿದ, 23,924 ರಿಬೌಂಡ್ ಹಿಡಿದ. ಈ ಎರಡನೆಯ ದಾಖಲೆಯನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. 1961–62ರಲ್ಲಿ ಆತನ ಸರಾಸರಿ ಪಂದ್ಯಕ್ಕೆ 50.4 ಅಂಕ, ಅದೇ ಸೀಸನ್‌ನ ಮಾರ್ಚ್ 2ರ ರಾತ್ರಿ, ಚಾಕೊಲೇಟ್ ಕಾರ್ಖಾನೆಗೆ ಹೆಸರಾದ ಪೆನ್ಸಿಲ್ವೇನಿಯಾದ ಹರ್ಷಿ ಊರಿನಲ್ಲಿ, ನ್ಯೂಯಾರ್ಕ್ ನಿಕ್ಸ್ ಎದುರು ಒಬ್ಬನೇ ನೂರು ಅಂಕ ಹಾಕಿದ. ಆದರೆ ಆತನಿದ್ದ ತಂಡ ಲೀಗ್ ಚಾಂಪಿಯನ್ ಆದದ್ದು ಎರಡೇ ಸಲ, 1967 ಮತ್ತು 1972ರಲ್ಲಿ. ರಸೆಲ್ ಬಾಸ್ಟನ್ ಸೆಲ್ಟಿಕ್ಸ್ ಪರ ಆಡಿದ್ದು ಹದಿಮೂರು ಸೀಸನ್, ಗೆದ್ದ ಚಾಂಪಿಯನ್‌ಷಿಪ್ ಹನ್ನೊಂದು, ಅಂಕಗಳ ಸರಾಸರಿ ಮಾತ್ರ 15.1. ಪ್ಲೇಆಫ್ ಸರಣಿಗಳಲ್ಲಿ ಇಬ್ಬರ ತಂಡಗಳು ಎಂಟು ಬಾರಿ ಎದುರಾದವು. ಏಳನ್ನು ಬಾಸ್ಟನ್ ಗೆದ್ದಿತು.

ಈ ತೀರ್ಪನ್ನು ನಂಬುವವರ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲೇ ಮುಂದಿಡೋಣ. ಬ್ಯಾಸ್ಕೆಟ್‌ಬಾಲ್ ಐವರ ಆಟ. ಒಬ್ಬ ಎಷ್ಟು ಅಂಕ ಹಾಕಿದ ಎನ್ನುವುದು ತಂಡ ಗೆದ್ದಿತೇ ಎಂಬ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಪ್ರತಿ ಸಲವೂ ಚೆಂಡು ಒಬ್ಬನ ಕೈಗೇ ಹೋಗುತ್ತಿದ್ದರೆ ಉಳಿದ ನಾಲ್ವರು ಪ್ರೇಕ್ಷಕರಾಗುತ್ತಾರೆ, ಎದುರಾಳಿಗೆ ಕಾಯಬೇಕಾದವನು ಒಬ್ಬನೇ ಆಗುತ್ತಾನೆ. ರಸೆಲ್ ಇದಕ್ಕೆ ತದ್ವಿರುದ್ಧ. ಆತ ಎದುರಾಳಿಯ ಎಸೆತವನ್ನು ತಡೆಯುತ್ತಿದ್ದ, ತಡೆದ ಚೆಂಡನ್ನು ಪ್ರೇಕ್ಷಕರತ್ತ ಬಾರಿಸದೆ ತನ್ನವರ ಕೈಗೇ ಸೇರುವಂತೆ ತಟ್ಟುತ್ತಿದ್ದ, ಅಂಕ ಹಾಕುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಿದ್ದ. ಇದು ಗ್ಯಾಲರಿಯಲ್ಲಿ ಕೂತವರಷ್ಟೇ ಆಡಿದ ಮಾತೂ ಅಲ್ಲ. ಆ ಕಾಲದಲ್ಲಿ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರನನ್ನು ಆಟಗಾರರೇ ಮತ ಹಾಕಿ ಆರಿಸುತ್ತಿದ್ದರು. ಚೇಂಬರ್ಲೇನ್ ಪಂದ್ಯಕ್ಕೆ ಐವತ್ತರಂತೆ ಅಂಕ ಸುರಿದ 1961–62ರಲ್ಲೇ ಅವರು ಆರಿಸಿದ್ದು ರಸೆಲ್‌ನನ್ನು. ಇಬ್ಬರ ಮೊಣಕೈ ಪೆಟ್ಟನ್ನೂ ತಿಂದವರ ಸಾಕ್ಷಿ ಇದು, ಸುಲಭವಾಗಿ ತಳ್ಳಿಹಾಕುವಂತಿಲ್ಲ.

ನನ್ನ ತಕರಾರು ಈ ಸಾಕ್ಷಿಗಳ ಬಗ್ಗೆ ಅಲ್ಲ, ಇವುಗಳಿಂದ ಎಳೆದು ತರುವ ತೀರ್ಮಾನದ ಬಗ್ಗೆ. ‘ವಿಲ್ಟ್ ಸೋತವನು’ ಎಂಬ ಒಂದು ವಾಕ್ಯದೊಳಗೆ ಮೂರು ಬೇರೆ ಬೇರೆ ಮಾತುಗಳು ಹೊಸೆದುಕೊಂಡಿವೆ:

1. ಆಟಗಾರನ ದೊಡ್ಡಸ್ತಿಕೆಗೆ ಅಳತೆಗೋಲು ಆತ ಗೆದ್ದ ಚಾಂಪಿಯನ್‌ಷಿಪ್‌ಗಳ ಎಣಿಕೆ.

2. ಚೇಂಬರ್ಲೇನ್‌ನ ಅಂಕಿಗಳು ಪೊಳ್ಳು. ತಂಡದ ಗೆಲುವಿಗೆ ಅವು ಒದಗಲಿಲ್ಲ, ಬಹುಶಃ ಅಡ್ಡವೇ ಬಂದವು.

3. ಆತನನ್ನು ಸೋಲಿಸಿದ್ದು ಆತನ ಸ್ವಭಾವ: ಸ್ವಾರ್ಥ, ಮತ್ತು ನಿರ್ಣಾಯಕ ಗಳಿಗೆಯಲ್ಲಿ ಕುಗ್ಗುವ ಗುಣ.

ಇವುಗಳಲ್ಲಿ ಒಂದು ನಿಜವಾದರೆ ಉಳಿದೆರಡೂ ನಿಜವಾಗಬೇಕೆಂದೇನೂ ಇಲ್ಲ. ಆದರೆ ವಾದದ ಭರದಲ್ಲಿ ಒಂದಕ್ಕೆ ಪೆಟ್ಟು ಬಿದ್ದ ಕೂಡಲೇ ಇನ್ನೊಂದರ ಮರೆಗೆ ಸರಿಯುವುದು ಸಾಮಾನ್ಯ. ಆದ್ದರಿಂದ ಒಂದೊಂದನ್ನೇ ಬಿಡಿಸಿ ನೋಡಬೇಕು.

ಮೊದಲನೆಯದು ಹೆಚ್ಚು ಹೊತ್ತು ನಿಲ್ಲುವಂಥದ್ದಲ್ಲ. ರಾಬರ್ಟ್ ಹೋರಿ ಎಂಬಾತ ಹ್ಯೂಸ್ಟನ್, ಲಾಸ್ ಏಂಜಲಿಸ್, ಸ್ಯಾನ್ ಆಂಟೋನಿಯೊ ತಂಡಗಳಲ್ಲಿ ಆಡಿ ಏಳು ಚಾಂಪಿಯನ್‌ಷಿಪ್ ಗೆದ್ದ. ಮೈಕಲ್ ಜೋರ್ಡನ್ ಗೆದ್ದದ್ದು ಆರು. ಹೋರಿ ಒಳ್ಳೆಯ ಆಟಗಾರ, ಕೊನೆಯ ಕ್ಷಣದ ಎಸೆತಗಳಿಗೆ ಹೆಸರಾದವನು. ಆದರೂ ಆತನನ್ನು ಜೋರ್ಡನ್‌ಗಿಂತ ಮೇಲೆ ಕೂರಿಸುವವರು ಯಾರೂ ಇಲ್ಲ. ಅಂದರೆ ಎಣಿಕೆಯನ್ನು ನಂಬುತ್ತೇವೆ ಎನ್ನುವವರೂ ಅದನ್ನು ನಂಬುವುದಿಲ್ಲ. ಅವರು ತಕ್ಷಣ ತಿದ್ದುಪಡಿ ತರುತ್ತಾರೆ: ಎಣಿಕೆ ಅನ್ವಯಿಸುವುದು ತಂಡದ ಮುಖ್ಯ ಆಟಗಾರನಿಗೆ ಮಾತ್ರ, ಗೆಲುವು–ಸೋಲು ಯಾರ ಹೆಗಲ ಮೇಲಿರುತ್ತದೋ ಅವನಿಗೆ. ತಿದ್ದುಪಡಿ ನ್ಯಾಯವಾಗಿಯೇ ಇದೆ. ಆದರೆ ಅದನ್ನು ಒಪ್ಪಿಕೊಂಡ ಗಳಿಗೆಯಲ್ಲೇ ಎಣಿಕೆಗಿಂತ ಮುಂಚೆ ಬೇರೊಂದು ಅಳತೆ ಬೇಕಾಯಿತು: ಯಾರು ಮುಖ್ಯ ಆಟಗಾರ, ಅವನ ಪಾಲು ಎಷ್ಟು ಎಂದು ಹೇಳುವ ಅಳತೆ. ಆ ಅಳತೆ ನಮ್ಮ ಕೈಯಲ್ಲಿದ್ದರೆ ಪ್ರಶಸ್ತಿಗಳನ್ನು ಎಣಿಸುವ ಕೆಲಸವೇ ಉಳಿಯುವುದಿಲ್ಲ. 1969ರ ಫೈನಲ್‌ನಲ್ಲಿ ಸೋತ ಲೇಕರ್ಸ್ ತಂಡದ ಜೆರ್ರಿ ವೆಸ್ಟ್‌ನನ್ನೇ ಸರಣಿಯ ಶ್ರೇಷ್ಠ ಆಟಗಾರನೆಂದು ಆರಿಸಿದರಲ್ಲ, ಅಲ್ಲಿ ಆರಿಸಿದವರಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಿತ್ತು.

ತಿದ್ದುಪಡಿಯಾದ ರೂಪದಲ್ಲೇ ಎಣಿಕೆಯನ್ನು ಚೇಂಬರ್ಲೇನ್‌ಗೆ ಹಚ್ಚಿ ನೋಡೋಣ. ರಸೆಲ್ ಎದುರು ಸೋತ ಏಳು ಸರಣಿಗಳಲ್ಲಿ ಮೂರನ್ನು ಬಾಸ್ಟನ್ ನಿಚ್ಚಳವಾಗಿಯೇ ಗೆದ್ದಿತು: 1960ರಲ್ಲಿ 4–2, 1964 ಮತ್ತು 1966ರಲ್ಲಿ 4–1. ಉಳಿದ ನಾಲ್ಕು ಏಳನೆಯ ಪಂದ್ಯದವರೆಗೆ ಎಳೆದವು. 1962ರಲ್ಲಿ 109–107. 1965ರಲ್ಲಿ 110–109. 1968ರಲ್ಲಿ 100–96. 1969ರಲ್ಲಿ 108–106. ಅಂತರಗಳನ್ನು ಕೂಡಿಸಿದರೆ ಎರಡು, ಒಂದು, ನಾಲ್ಕು, ಎರಡು: ಒಟ್ಟು ಒಂಬತ್ತು ಅಂಕ. ಈ ಒಂಬತ್ತು ಅಂಕಗಳು ಎಲ್ಲೆಲ್ಲಿ ಉದುರಿದವು ಎಂದು ನೋಡಿದರೆ ತೀರ್ಪಿನ ಬುಡ ಅಲುಗಾಡುತ್ತದೆ. 1965ರ ಕೊನೆಯ ಐದು ಸೆಕೆಂಡುಗಳನ್ನೇ ತೆಗೆದುಕೊಳ್ಳಿ. ಚೇಂಬರ್ಲೇನ್ ಆಗತಾನೆ ಬುಟ್ಟಿಗೆ ಚೆಂಡು ತುರುಕಿ ಅಂತರವನ್ನು ಒಂದಕ್ಕೆ ಇಳಿಸಿದ್ದ. ಗೆರೆಯಾಚೆಯಿಂದ ಚೆಂಡನ್ನು ಒಳಗೆ ಹಾಕಬೇಕಿದ್ದವನು ರಸೆಲ್. ಆತನ ಎಸೆತ ಹಲಗೆಯನ್ನು ಹಿಡಿದು ನಿಲ್ಲಿಸಿದ್ದ ತಂತಿಗೆ ಬಡಿದು, ನಿಯಮದಂತೆ ಚೆಂಡು ಚೇಂಬರ್ಲೇನ್‌ನ ತಂಡವಾದ ಫಿಲಡೆಲ್ಫಿಯಾ ಪಾಲಾಯಿತು. ಆಟ ಮತ್ತೆ ಶುರುವಾದಾಗ ಹಾಲ್ ಗ್ರೀರ್ ಒಳಗೆ ಎಸೆದ ಚೆಂಡನ್ನು ಬಾಸ್ಟನ್‌ನ ಜಾನ್ ಹ್ಯಾವ್ಲಿಚೆಕ್ ತಟ್ಟಿ ಕಸಿದ. ಅಮೆರಿಕದ ಕ್ರೀಡಾ ಚರಿತ್ರೆಯಲ್ಲಿ ಆ ಕಸಿತಕ್ಕೆ ದೊಡ್ಡ ಹೆಸರು. ಅದಕ್ಕೆ ಮುಂಚಿನ ತಂತಿಯ ಸಂಗತಿಗೆ ಅಷ್ಟಿಲ್ಲ. ಹ್ಯಾವ್ಲಿಚೆಕ್‌ನ ಕೈ ಒಂದು ಗೇಣು ತಡವಾಗಿ ತಲುಪಿ, ಫಿಲಡೆಲ್ಫಿಯಾದ ಒಂದು ಚೆಂಡು ಬುಟ್ಟಿಗೆ ಬಿದ್ದಿದ್ದರೆ? ನಿರ್ಣಾಯಕ ಗಳಿಗೆಯಲ್ಲಿ ಎಡವಿದವನು ಎಂಬ ಹಣೆಪಟ್ಟಿ ರಸೆಲ್‌ಗೆ ಅಂಟುತ್ತಿತ್ತು. ಆತನ ಆಟದಲ್ಲಾಗಲೀ ಮನೋಬಲದಲ್ಲಾಗಲೀ ಕೂದಲೆಳೆಯಷ್ಟೂ ಬದಲಾವಣೆಯಾಗದೆ ಈ ಹಣೆಪಟ್ಟಿ ಬದಲಾಗುತ್ತಿತ್ತು ಎಂದರೆ, ಅದು ಹೇಳುತ್ತಿರುವುದು ಮನುಷ್ಯನ ಬಗ್ಗೆ ಅಲ್ಲವೆಂದಾಯಿತು.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಒಂದು ಸಲ ಕೂದಲೆಳೆಯಲ್ಲಿ ಗೆದ್ದರೆ ಅದೃಷ್ಟ ಎನ್ನಬಹುದು. ರಸೆಲ್ ತನ್ನ ವೃತ್ತಿಯಲ್ಲಿ ಆಡಿದ ಏಳನೆಯ ಪಂದ್ಯಗಳು ಹತ್ತು, ಹತ್ತನ್ನೂ ಗೆದ್ದ. ನಾಣ್ಯ ಹತ್ತು ಸಲವೂ ಒಂದೇ ಮಗ್ಗುಲಿಗೆ ಬಿದ್ದರೆ ನಾಣ್ಯವನ್ನೇ ಶಂಕಿಸಬೇಕಾಗುತ್ತದೆ. ಒಪ್ಪುತ್ತೇನೆ. ಬಿಗಿ ಪಂದ್ಯಗಳನ್ನು ಗೆಲ್ಲುವ ಏನೋ ಒಂದು ಶಕ್ತಿ ಬಾಸ್ಟನ್‌ಗೆ ಇತ್ತು, ಅದರ ನಡುಗಂಬ ರಸೆಲ್ ಆಗಿದ್ದ. ಇದನ್ನು ಅಲ್ಲಗಳೆಯುವುದು ಹಟವಾದೀತು. ಆದರೆ ಆ ಶಕ್ತಿಯಲ್ಲಿ ಯಾರ್‍ಯಾರು ಪಾಲುದಾರರು ಎಂದೂ ಕೇಳಬೇಕಲ್ಲ. ಬಾಬ್ ಕೂಸಿ, ಟಾಮ್ ಹೈನ್‌ಸನ್, ಸ್ಯಾಮ್ ಜೋನ್ಸ್, ಕೆ.ಸಿ. ಜೋನ್ಸ್, ಹ್ಯಾವ್ಲಿಚೆಕ್, ಬೆಂಚಿನ ಮೇಲೆ ರೆಡ್ ಆವರ್‌ಬ್ಯಾಕ್‌ನಂಥ ಕೋಚ್, ಅದೂ ರಸೆಲ್ ಬಂದ 1956ರಿಂದ ಸತತ ಹತ್ತು ಸೀಸನ್. ಆಮೇಲೆ ಆತ ಕೋಚಿನ ಕುರ್ಚಿ ಬಿಟ್ಟುಕೊಟ್ಟದ್ದು ಸ್ವತಃ ರಸೆಲ್‌ಗೆ. ಇತ್ತ ಚೇಂಬರ್ಲೇನ್ ಮೂರು ಫ್ರಾಂಚೈಸಿ (ವಾರಿಯರ್ಸ್, ಸೆವೆಂಟಿಸಿಕ್ಸರ್ಸ್, ಲೇಕರ್ಸ್), ಮೂರು ಊರು, ಎರಡು ಕೈಗೆ ಬೆರಳು ಸಾಲದಷ್ಟಲ್ಲದಿದ್ದರೂ ಒಂದು ಕೈಗಂತೂ ಸಾಲದಷ್ಟು ಕೋಚ್‌ಗಳನ್ನು ಕಂಡ. 1962ರಲ್ಲಿ ಕೊನೆಯ ಎರಡು ಸೆಕೆಂಡಿನಲ್ಲಿ ಫಿಲಡೆಲ್ಫಿಯಾವನ್ನು ಮುಳುಗಿಸಿದ ಎಸೆತ ಸ್ಯಾಮ್ ಜೋನ್ಸ್‌ನದು. 1969ರಲ್ಲಿ ರಿಂಗಿಗೆ ಬಡಿದು ಮೇಲಕ್ಕೆ ಚಿಮ್ಮಿ ಮತ್ತೆ ಬುಟ್ಟಿಯೊಳಗೇ ಬಿದ್ದ ಎಸೆತ ಡಾನ್ ನೆಲ್ಸನ್‌ನದು. ರಸೆಲ್ ಮಹಾನ್ ಆಟಗಾರ ಎಂಬ ನಿರ್ಣಯಕ್ಕೆ ಇದರಿಂದ ಕುಂದಿಲ್ಲ. ಅದರಿಂದ ಎದುರಿಗಿದ್ದವನು ಸಣ್ಣವನು ಎಂಬ ನಿರ್ಣಯ ಹುಟ್ಟುವುದಿಲ್ಲ, ಅಷ್ಟೇ.

ಎರಡನೆಯ ಮಾತಿಗೆ ಬರೋಣ: ಅಂಕಿಗಳು ಪೊಳ್ಳು. ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಮೊದಲು ಕೊಟ್ಟುಬಿಡುತ್ತೇನೆ. ಅರವತ್ತರ ದಶಕದ ಆರಂಭದ ಆಟ ಓಟದ ಆಟ. ತಂಡಗಳು ಪಂದ್ಯಕ್ಕೆ ನೂರಕ್ಕೂ ಹೆಚ್ಚು ಸಲ ಬುಟ್ಟಿಗೆ ಎಸೆಯುತ್ತಿದ್ದವು, ಗುರಿ ತಪ್ಪುವುದೂ ಹೆಚ್ಚು, ಹಾಗಾಗಿ ರಿಬೌಂಡ್ ಹಿಡಿಯುವ ಅವಕಾಶವೂ ಹೆಚ್ಚು. 1961–62ರ ಸೀಸನ್‌ನಲ್ಲಿ ಚೇಂಬರ್ಲೇನ್ ಪಂದ್ಯಕ್ಕೆ ಸರಾಸರಿ 48.5 ನಿಮಿಷ ಆಡಿದ. ಪಂದ್ಯದ ಅವಧಿಯೇ 48 ನಿಮಿಷ. ಹೆಚ್ಚುವರಿ ಅವಧಿಗಳೂ ಸೇರಿದ್ದರಿಂದ ಸರಾಸರಿ ಅದನ್ನು ದಾಟಿತು. ಅಂದರೆ ಆತ ಬೆಂಚಿನ ಮೇಲೆ ಕೂತದ್ದೇ ಇಲ್ಲವೆನ್ನಬೇಕು. ಹೀಗಾಗಿ 50.4 ಎಂಬ ಅಂಕಿಯನ್ನು ಇವತ್ತಿನ ಅಂಕಿಗಳ ಪಕ್ಕ ನೇರವಾಗಿ ಇಡುವುದು ತಪ್ಪು. ಆದರೆ ಅದೇ ಓಟದ ಆಟವನ್ನು ಆಡಿದ ಬೇರೆ ಯಾರೂ ಆ ಎತ್ತರದ ಹತ್ತಿರ ಸುಳಿಯಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಆ ಅಂಕಗಳು ತಂಡಕ್ಕೆ ಅಡ್ಡ ಬಂದವೇ? 1961–62ರಲ್ಲಿ ಚೆಂಡನ್ನು ಮತ್ತೆಮತ್ತೆ ವಿಲ್ಟ್‌ಗೆ ತಲುಪಿಸುವುದು ಫಿಲಡೆಲ್ಫಿಯಾ ವಾರಿಯರ್ಸ್ ಕೋಚ್ ಫ್ರ್ಯಾಂಕ್ ಮೆಕ್‌ಗೈರ್‌ನ ಯೋಜನೆಯಾಗಿತ್ತು. (1957ರ ಕಾಲೇಜು ಫೈನಲ್‌ನಲ್ಲಿ ವಿಲ್ಟ್ ಆಡುತ್ತಿದ್ದ ಕಾನ್ಸಾಸನ್ನು ಮೂರು ಹೆಚ್ಚುವರಿ ಅವಧಿಗಳ ಬಳಿಕ 54–53ರಿಂದ ಸೋಲಿಸಿದ ನಾರ್ತ್ ಕ್ಯಾರೊಲಿನಾ ತಂಡದ ಕೋಚ್ ಇದೇ ಮೆಕ್‌ಗೈರ್. ವಿಲ್ಟ್‌ನನ್ನು ತಡೆಯುವುದು ಎಂಥ ಕಷ್ಟ ಎಂದು ಬಲ್ಲವನೇ ಆತನನ್ನು ಬಳಸುವ ದಾರಿ ಹುಡುಕಿದ್ದ.) ಆ ತಂಡ 49 ಪಂದ್ಯ ಗೆದ್ದು, ಬಾಸ್ಟನ್ ಎದುರು ಏಳನೆಯ ಪಂದ್ಯದ ಕೊನೆಯ ಎರಡು ಸೆಕೆಂಡಿನವರೆಗೂ ಸಮನಾಗಿ ನಿಂತಿತು. ಮರುವರ್ಷ ವಾರಿಯರ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೊಗೆ ಗಂಟುಮೂಟೆ ಕಟ್ಟಿತು. ಮೆಕ್‌ಗೈರ್ ಜೊತೆಗೆ ಹೋಗಲಿಲ್ಲ, ಹಿರಿಯ ಆಟಗಾರ ಪಾಲ್ ಆರಿಜಿನ್ ಊರು ಬಿಡಲೊಲ್ಲದೆ ನಿವೃತ್ತನಾದ. ವಿಲ್ಟ್ ಸರಾಸರಿ 44.8, ತಂಡ 31 ಗೆಲುವು, 49 ಸೋಲು. ಹೆಚ್ಚುಕಡಿಮೆ ಅದೇ ಪ್ರಮಾಣದ ಅಂಕ, ಫಲ ಮಾತ್ರ ಉತ್ತರ–ದಕ್ಷಿಣ. ಅಂಕಗಳೇ ಗೆಲುವನ್ನು ಕೆಡಿಸುತ್ತಿದ್ದರೆ ಮೊದಲ ವರ್ಷವೂ ಕೆಡಬೇಕಿತ್ತು. ಅಂಕಗಳೇ ಗೆಲುವನ್ನು ತರುತ್ತಿದ್ದರೆ ಎರಡನೆಯ ವರ್ಷವೂ ತರಬೇಕಿತ್ತು. ಫಲವನ್ನು ತಿರುಗಿಸಿದ್ದು ಸುತ್ತಲಿನ ಜನ ಎಂದು ಊಹಿಸಲು ಪಾಂಡಿತ್ಯ ಬೇಕಿಲ್ಲ.

ಇನ್ನೂ ಆಳದಲ್ಲಿ ಒಂದು ಗೊಂದಲವಿದೆ. ‘ವಿಲ್ಟ್ ಅಂಕಿಗಳವನು, ರಸೆಲ್ ಅಂಕಿಗೆ ನಿಲುಕದವನು’ ಎನ್ನುವಾಗ ಅದು ಇಬ್ಬರ ಸ್ವಭಾವದ ವ್ಯತ್ಯಾಸ ಎಂಬಂತೆ ಮಾತಾಡುತ್ತೇವೆ. ಅದರ ದೊಡ್ಡ ಪಾಲು ಸ್ಕೋರ್‌ಹಾಳೆಯ ವ್ಯತ್ಯಾಸ. ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯುವ ಬ್ಲಾಕ್‌ಗಳನ್ನು ಎನ್‌ಬಿಎ ಅಧಿಕೃತವಾಗಿ ಎಣಿಸಲು ಆರಂಭಿಸಿದ್ದು 1973–74ರಲ್ಲಿ. ರಸೆಲ್ 1969ರಲ್ಲೇ ನಿವೃತ್ತನಾಗಿದ್ದ. ಚೇಂಬರ್ಲೇನ್ ಆಡಿದ ಕೊನೆಯ ಸೀಸನ್ 1972–73. ಲೀಗ್ ಕಂಡ ಇಬ್ಬರು ಮಹಾ ತಡೆಗಾರರ ತಡೆಗಳು ಲೆಕ್ಕಕ್ಕೇ ಸಿಗಲಿಲ್ಲ. ಲೆಕ್ಕವಾಗಿದ್ದರೆ ರಸೆಲ್‌ನ ಹೆಸರಿನ ಮುಂದೆಯೂ ಕಣ್ಣು ಕುಕ್ಕುವ ಅಂಕಿಗಳು ಇರುತ್ತಿದ್ದವು, ಆಗ ಆತನನ್ನೂ ಯಾರಾದರೂ ಅಂಕಿಗಳ ಹಿಂದೆ ಬಿದ್ದವನು ಎನ್ನುತ್ತಿದ್ದರೇನೋ. ಮತ್ತೊಂದು ಕಡೆಯಿಂದ, ಚೇಂಬರ್ಲೇನ್ ರಕ್ಷಣೆಯಲ್ಲಿ ಮಾಡಿದ ಕೆಲಸವೂ ಬರಹಕ್ಕೆ ಇಳಿಯದೆ ಹೋದ್ದರಿಂದ ಆತ ಬರೀ ಅಂಕದ ಯಂತ್ರವಾಗಿ ಉಳಿದ. ಎಣಿಸಿದ್ದು ದೋಷವಾಗಿ, ಎಣಿಸದ್ದು ಗುಣವಾಗಿ ಕಾಣುವುದು ಈ ಚರ್ಚೆಯ ವಿಚಿತ್ರ.

ಮೂರನೆಯ ಮಾತು ಸ್ವಭಾವದ್ದು, ಹೆಚ್ಚು ಹಾನಿ ಮಾಡಿದ್ದೂ ಅದೇ. ಸ್ವಾರ್ಥಿಯಾದ ಆಟಗಾರ ಮಾಡಲಾರದ ಕೆಲಸ ಯಾವುದು? ತನಗೆ ಹೆಸರು ತಂದ ಕೆಲಸವನ್ನು ಬಿಡುವುದು. ಚೇಂಬರ್ಲೇನ್ ಅದನ್ನು ಎರಡು ಸಲ ಮಾಡಿದ. 1966–67ರಲ್ಲಿ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ಕೋಚ್ ಅಲೆಕ್ಸ್ ಹ್ಯಾನಮ್ ಕೇಳಿದಂತೆ ಆತ ಎಸೆಯುವುದನ್ನು ತಗ್ಗಿಸಿ ಪಾಸ್ ಕೊಡತೊಡಗಿದ. ಸರಾಸರಿ 24.1ಕ್ಕೆ ಇಳಿಯಿತು, ಅಸಿಸ್ಟ್ ಪಂದ್ಯಕ್ಕೆ ಎಂಟರ ಹತ್ತಿರ ಏರಿತು, ತಂಡ 68 ಗೆದ್ದು 13 ಸೋತು, ಬಾಸ್ಟನ್ನಿನ ಸತತ ಎಂಟು ವರ್ಷಗಳ ಪಟ್ಟವನ್ನು 4–1ರಿಂದ ಕಿತ್ತುಕೊಂಡಿತು. ಮರುವರ್ಷ 702 ಅಸಿಸ್ಟ್‌ಗಳೊಂದಿಗೆ ಇಡೀ ಲೀಗ್‌ಗೆ ಮೊದಲಿಗನಾದ. ಸೆಂಟರ್ ಜಾಗದಲ್ಲಿ ಆಡುವವನೊಬ್ಬ ಅದಕ್ಕೆ ಮುಂಚೆ ಹಾಗೆ ಮಾಡಿರಲಿಲ್ಲ. 1971–72ರಲ್ಲಿ, ಮೂವತ್ತೈದರ ಆತನಿಗೆ ಲೇಕರ್ಸ್‌ನ ಹೊಸ ಕೋಚ್ ಬಿಲ್ ಶಾರ್ಮನ್ ರಸೆಲ್‌ನ ಕೆಲಸವನ್ನೇ ಒಪ್ಪಿಸಿದ ಎನ್ನಬಹುದು: ತಡೆ, ರಿಬೌಂಡ್, ಓಡುವವರ ಕೈಗೆ ಮೊದಲ ಪಾಸ್. ಸರಾಸರಿ 14.8, ರಸೆಲ್‌ನ ಜೀವಮಾನದ ಸರಾಸರಿಗಿಂತಲೂ ಕಡಿಮೆ. ತಂಡ ಸತತ 33 ಪಂದ್ಯ ಗೆದ್ದು, 69–13ರಲ್ಲಿ ಸೀಸನ್ ಮುಗಿಸಿ, ಚಾಂಪಿಯನ್ ಆಯಿತು. ಗಾಯಗೊಂಡ ಕೈಯಲ್ಲೇ ಕೊನೆಯ ಪಂದ್ಯವಾಡಿದ ಆತ 24 ಅಂಕ, 29 ರಿಬೌಂಡ್ ಗಳಿಸಿದ. ರಸೆಲ್‌ಗೆ ಮತ ಹಾಕಿದ್ದರೆಂದು ಮೇಲೆ ಹೇಳಿದೆನಲ್ಲ, ಅದೇ ಆಟಗಾರರ ಬಳಗ 1960, 1966, 1967, 1968ರಲ್ಲಿ ಚೇಂಬರ್ಲೇನ್‌ನನ್ನು ಆರಿಸಿತ್ತು. ಒಂದು ವರ್ಷದ ಮತವನ್ನು ಸಾಕ್ಷಿಯಾಗಿ ಕರೆದವರು ಉಳಿದ ನಾಲ್ಕು ವರ್ಷಗಳ ಮತವನ್ನೂ ಕರೆಯಬೇಕು.

ಪಾಸ್ ಕೊಟ್ಟದ್ದೂ ಒಂದು ಬಗೆಯ ಸ್ವಾರ್ಥ, ಟೀಕಾಕಾರರ ಬಾಯಿ ಮುಚ್ಚಿಸುವ ಹಟ ಎನ್ನುವವರಿದ್ದಾರೆ. ಇರಬಹುದು. 1968ರ ಏಳನೆಯ ಪಂದ್ಯದ ದ್ವಿತೀಯಾರ್ಧದಲ್ಲಿ ಆತ ಬುಟ್ಟಿಯತ್ತ ಎಸೆದದ್ದು ಎರಡೇ ಸಲ. ತಂಡ ನಾಲ್ಕು ಅಂಕಗಳಿಂದ ಸೋತಿತು. ಹೆಚ್ಚು ಎಸೆಯುತ್ತಾನೆ ಎಂದು ಬೈದವರೇ ಈಗ ಎಸೆಯಲಿಲ್ಲವೆಂದು ಬೈದರು. ಎಸೆದರೂ ತಪ್ಪು, ಬಿಟ್ಟರೂ ತಪ್ಪು ಎಂದಾಗ ಆರೋಪ ಆಟದ ಮೇಲಿನದಾಗಿ ಉಳಿಯುವುದಿಲ್ಲ. ಇದಕ್ಕೆ ಆತನ ಎತ್ತರವೂ ಕಾರಣವೆಂದು ನನ್ನ ಗುಮಾನಿ. ಆತನ ಜಮಾ–ಖರ್ಚನ್ನು ಜನ ಬರೆದ ರೀತಿಯೇ ಹಾಗೆ: ಗೆದ್ದರೆ ಅದು ಎತ್ತರದ ಖಾತೆಗೆ, ಸೋತರೆ ಗುಣದ ಖಾತೆಗೆ. 1964ರಲ್ಲಿ ಲೀಗ್ ಬುಟ್ಟಿಯ ಮುಂದಿನ ಪಟ್ಟಿಯನ್ನು 12 ಅಡಿಯಿಂದ 16 ಅಡಿಗೆ ಅಗಲಿಸಿ ಎತ್ತರದವರನ್ನು ದೂರ ನಿಲ್ಲಿಸಿದ ಮೇಲೂ ಈ ಬರವಣಿಗೆ ತಿದ್ದಲಿಲ್ಲ. 1969ರ ಫೈನಲ್‌ನ ಕೊನೆಯ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಆತ ಹೊರಗೆ ಬಂದ. ಸುಧಾರಿಸಿಕೊಂಡು ವಾಪಸು ಕಳಿಸೆಂದು ಕೇಳಿದರೆ ಕೋಚ್ ಬುಚ್ ವ್ಯಾನ್ ಬ್ರೆಡಾ ಕಾಲ್ಫ್ ಒಪ್ಪಲಿಲ್ಲ. ಆತನಿಲ್ಲದಾಗಲೇ ಲೇಕರ್ಸ್ ಅಂತರವನ್ನು ಒಂದಕ್ಕೆ ಇಳಿಸಿತ್ತು, ಹಾಗಾಗಿ ಕೋಚ್‌ನದು ಬರೀ ಹಟವೆಂದೂ ಹೇಳಲಾಗದು. ಪಂದ್ಯದ ನಂತರದ ದಿನಗಳಲ್ಲಿ ರಸೆಲ್, ವಿಲ್ಟ್ ಹೊರಗೆ ಹೋಗಬಾರದಿತ್ತು ಎಂದು ಬಹಿರಂಗವಾಗಿ ಟೀಕಿಸಿದ. ಗೆಳೆಯರಾಗಿದ್ದ ಇಬ್ಬರ ನಡುವೆ ಇಪ್ಪತ್ತು ವರ್ಷಗಳಷ್ಟು ಮಾತು ನಿಂತಿತು. ಕೊನೆಗೆ ರಸೆಲ್ ಕ್ಷಮೆ ಕೇಳಿದ. ಆರೋಪ ಹೊರಿಸಿದವನೇ ಅದನ್ನು ವಾಪಸು ಪಡೆದದ್ದು ನೆನಪಿರಬೇಕಾದ ಸಂಗತಿ.

ಹಾಗಾದರೆ ಚೇಂಬರ್ಲೇನ್ ನಿರ್ದೋಷಿಯೇ? ಇಲ್ಲಿಗೆ ಲೇಖನ ನಿಲ್ಲಿಸಿದರೆ ನಾನೂ ಒಂದು ಗೊಂದಲದ ಜಾಗದಲ್ಲಿ ಇನ್ನೊಂದನ್ನು ಇಟ್ಟಂತೆ. ಆತನ ಪ್ಲೇಆಫ್ ಸರಾಸರಿ 22.5, ಮಾಮೂಲಿ ಸೀಸನ್‌ಗಳ ಸರಾಸರಿ 30.1. ಪ್ಲೇಆಫ್ ಪಂದ್ಯಗಳ ಹೆಚ್ಚಿನ ಪಾಲು ಆತ ಎಸೆತ ತಗ್ಗಿಸಿದ ನಂತರದ ವರ್ಷಗಳದ್ದು, ಮತ್ತು ಎದುರಿಗೆ ಮತ್ತೆಮತ್ತೆ ನಿಂತವನು ರಸೆಲ್. ಇದರಿಂದ ಇಳಿಕೆಯ ಬಹುಭಾಗ ವಿವರವಾಗುತ್ತದೆ. ಪೂರ್ತಿ ಆಗುವುದಿಲ್ಲ: ಐವತ್ತರ ಸರಾಸರಿಯ ವರ್ಷದಲ್ಲೇ ಪ್ಲೇಆಫ್ ಸರಾಸರಿ 35. ಹಾಗೆಯೇ 1,045 ಪಂದ್ಯಗಳಲ್ಲಿ ಒಮ್ಮೆಯೂ ಆರು ಫೌಲ್ ಮಾಡಿ ಹೊರಬೀಳದ ದಾಖಲೆ. ಆ ದಾಖಲೆಯನ್ನು ಕಾಪಾಡಲು ಐದನೆಯ ಫೌಲ್ ಆದ ಮೇಲೆ ಆತ ಮೆತ್ತಗಾಗುತ್ತಿದ್ದ ಎಂಬ ದೂರಿಗೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಆದರೆ ನನಗೆ ನಿಜವಾಗಿ ತೂಕದ್ದೆನಿಸುವ ಆರೋಪ ಬೇರೆಯೇ ಇದೆ. ಅದನ್ನು ನಗೆಚಾಟಿಕೆಗೆ ಬಳಸುತ್ತಾರೆಯೇ ಹೊರತು ದೋಷಾರೋಪದ ಪಟ್ಟಿಯ ತಲೆಯಲ್ಲಿ ಬರೆಯುವುದಿಲ್ಲ. ಅದು ಫ್ರೀ ಥ್ರೋ.

ಆಟ ನಿಂತಿರುತ್ತದೆ. ಬುಟ್ಟಿಯಿಂದ ಹದಿನೈದು ಅಡಿ ದೂರದ ಗೆರೆ, ಎದುರಿಗೆ ತಡೆಯುವವರಿಲ್ಲ, ಪಕ್ಕದಲ್ಲಿ ನೆರವಾಗುವವರಿಲ್ಲ. ಐವರ ಆಟದಲ್ಲಿ ಇದೊಂದು ಕ್ಷಣ ಒಬ್ಬನ ಆಟ. ಮೇಲೆ ನಾನು ಚಾಂಪಿಯನ್‌ಷಿಪ್ ಎಣಿಕೆಯನ್ನು ಒಪ್ಪದಿದ್ದುದು ಅದರಲ್ಲಿ ಯಾರ ಪಾಲು ಎಷ್ಟೆಂದು ಬೇರ್ಪಡಿಸಲು ಬಾರದು ಎಂಬ ಕಾರಣಕ್ಕೆ. ಫ್ರೀ ಥ್ರೋನಲ್ಲಿ ಪಾಲುಗಾರರೇ ಇಲ್ಲ. ಚೇಂಬರ್ಲೇನ್‌ನ ಜೀವಮಾನದ ಲೆಕ್ಕ ಇಲ್ಲಿ ಶೇ 51.1, ಒಂದು ಹಂತದಲ್ಲಿ, 1967–68ರಲ್ಲಿ, ಶೇ 38. ಸೋತ ಆ ಏಳನೆಯ ಪಂದ್ಯಗಳಿಗೆ ವಾಪಸು ಹೋಗಿ. 1965ರಲ್ಲಿ 13ಕ್ಕೆ 6. 1968ರಲ್ಲಿ 15ಕ್ಕೆ 6. 1969ರಲ್ಲಿ 13ಕ್ಕೆ 4. ಒಟ್ಟು 41ಕ್ಕೆ 16. ತಂಡ ಸೋತ ಅಂತರ ಕ್ರಮವಾಗಿ ಒಂದು, ನಾಲ್ಕು, ಎರಡು.

ಬರೀ ಕೈಲಾಗದ ಕೆಲಸವಾಗಿದ್ದರೆ ಇದನ್ನು ಆರೋಪವೆನ್ನಲು ಬರುತ್ತಿರಲಿಲ್ಲ. ದೊಡ್ಡ ಕೈಗೆ ಸಣ್ಣ ಚೆಂಡು ಎಂದು ಸುಮ್ಮನಾಗಬಹುದಿತ್ತು. ಆದರೆ 1961–62ರಲ್ಲಿ ಆತ ಎರಡೂ ಕೈಯಲ್ಲಿ ಚೆಂಡನ್ನು ಮೊಣಕಾಲುಗಳ ನಡುವೆ ಇಳಿಸಿ ಕೆಳಗಿನಿಂದ ಮೇಲಕ್ಕೆ ತೂರುತ್ತಿದ್ದ. ಆ ವರ್ಷ ಶೇ 61.3, ಆತನ ಜೀವಮಾನದ ಗರಿಷ್ಠ. ನೂರು ಅಂಕದ ರಾತ್ರಿ 32ಕ್ಕೆ 28. ಆ ವರ್ಷದ ಏಳನೆಯ ಪಂದ್ಯದಲ್ಲಿ 9ಕ್ಕೆ 8. ನಾಲ್ಕು ಸೋಲುಗಳಲ್ಲಿ ಫ್ರೀ ಥ್ರೋ ಮೇಲೆ ಹೊರಿಸಲಾಗದ ಸೋಲು ಅದೊಂದೇ. ಆಮೇಲೆ ಆತ ಆ ವಿಧಾನವನ್ನು ಕೈಬಿಟ್ಟ. ಏಕೆಂದು ಆತ್ಮಕಥೆಯಲ್ಲಿ ತಾನೇ ಹೇಳಿಕೊಂಡಿದ್ದಾನೆ: ಹಾಗೆ ಎಸೆಯುವಾಗ ಹೆಣ್ಣಿಗನಂತೆ ಕಾಣುತ್ತೇನೆಂಬ ನಾಚಿಕೆ; ಅದು ತಪ್ಪೆಂದು ಗೊತ್ತಿದ್ದೂ ಮಾಡಲಾಗಲಿಲ್ಲ.

ಇದಕ್ಕೆ ಎರಡು ಆಕ್ಷೇಪಗಳನ್ನು ನಾನೇ ಎತ್ತುತ್ತೇನೆ. ಒಂದು: ಒಂದೇ ಸೀಸನ್ನಿನ ಪುರಾವೆ ಸಾಲದು. ಮೊದಲ ಸೀಸನ್‌ನಲ್ಲಿ ಆತನದು ಶೇ 58.2 ಇತ್ತು, ಹಾಗಾಗಿ ಕೆಳಗಿನ ಎಸೆತದ ಲಾಭ ಬರೀ ಮೂರು ಚಿಲ್ಲರೆ ಎನ್ನಬಹುದು. ಸರಿ. ಆ ವಿಧಾನದಿಂದ ಆತ ಶೇ 90 ಮುಟ್ಟುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ತನಗೆ ಗೊತ್ತಿದ್ದ ದಾರಿಗಳಲ್ಲಿ ಹೆಚ್ಚು ಫಲ ಕೊಟ್ಟದ್ದನ್ನು, ಫಲಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ, ಬಿಟ್ಟ ಎಂಬಷ್ಟೇ ನನ್ನ ಮಾತು. ಮತ್ತು ಬಿಟ್ಟ ಮೇಲೆ ಹಿಡಿದ ಯಾವ ದಾರಿಯೂ ಆ ಶೇ 61ಕ್ಕೆ ಮರಳಲಿಲ್ಲ. ಎರಡು: ಕೂದಲೆಳೆಯ ಅಂತರವನ್ನು ಹಿಡಿದು ಮನುಷ್ಯನನ್ನು ಅಳೆಯಬಾರದೆಂದು ಹೇಳಿ, ಈಗ ಅದೇ ಅಂತರವನ್ನು ನಾನು ಬಳಸುತ್ತಿಲ್ಲವೇ? ಬಳಸುತ್ತಿದ್ದೇನೆ, ಆದರೆ ಸೋಲಿನ ಪೂರ್ತಿ ಕಾರಣವೆಂದಲ್ಲ. ಶೇ 61.3ರ ಲೆಕ್ಕದಲ್ಲಿ ಆ 41ರಲ್ಲಿ 25 ಬೀಳುತ್ತಿದ್ದವು, ಒಂಬತ್ತು ಹೆಚ್ಚು. ನಾಲ್ಕು ಸೋಲುಗಳ ಒಟ್ಟು ಅಂತರವೂ ಒಂಬತ್ತೇ ಎಂಬುದು ಕಾಕತಾಳೀಯ. ಒಂದು ಅಂಕ ಬದಲಾದರೆ ಎದುರಾಳಿಯ ಆಟವೂ ಬದಲಾಗುತ್ತದೆ, ಆದ್ದರಿಂದ ಗೆದ್ದೇಬಿಡುತ್ತಿದ್ದರು ಎನ್ನಲಾಗದು. ಆ ಪಂದ್ಯಗಳು ಗೆದ್ದಿದ್ದರೂ ನನ್ನ ಆರೋಪ ಹಾಗೇ ನಿಲ್ಲುತ್ತಿತ್ತು. ಜನರ ತೀರ್ಪಿಗೂ ನನ್ನದಕ್ಕೂ ವ್ಯತ್ಯಾಸವಿರುವುದು ಇಲ್ಲೇ: ಅವರದು ಫಲವನ್ನು ನೋಡಿ ಗುಣವನ್ನು ಊಹಿಸುತ್ತದೆ, ಹಾಗಾಗಿ ಫಲ ತಿರುಗಿದರೆ ಅದೂ ತಿರುಗುತ್ತದೆ.

ಇನ್ನೊಂದು ವಿಪರ್ಯಾಸವನ್ನು ಗಮನಿಸದೆ ಇರಲಾಗದು. ಸ್ವಾರ್ಥಿ ಎಂದಾಗ ಪಾಸ್ ಕೊಟ್ಟು, ರಕ್ಷಣೆ ಗೊತ್ತಿಲ್ಲ ಎಂದಾಗ ರಕ್ಷಣೆಗೆ ನಿಂತು, ಜನರ ಮಾತಿಗೆ ತಕ್ಕಂತೆ ತನ್ನ ಇಡೀ ಆಟವನ್ನೇ ಮರುರೂಪಿಸಿದವನು ಇವನು. ಜನ ಏನೆಂದುಕೊಂಡಾರು ಎಂಬ ಆ ಎಚ್ಚರವೇ ಫ್ರೀ ಥ್ರೋ ಗೆರೆಯ ಮೇಲೆ ಆತನನ್ನು ಕೆಡಿಸಿತು. ಒಂದೇ ಗುಣ ಒಂದು ಕಡೆ ತಂಡಕ್ಕೆ ಚಾಂಪಿಯನ್‌ಷಿಪ್ ತಂದಿತು, ಇನ್ನೊಂದು ಕಡೆ ಅಂಕಗಳನ್ನು ಚೆಲ್ಲಿತು. ಸ್ವಾರ್ಥಿ ಎಂಬ ಪದ ಇದಕ್ಕೆ ಯಾವ ದಿಕ್ಕಿನಿಂದಲೂ ಹೊಂದುವುದಿಲ್ಲ.

1967ರ ಫೈನಲ್‌ನಲ್ಲಿ ಫಿಲಡೆಲ್ಫಿಯಾದ ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೊ ವಾರಿಯರ್ಸ್. ಅವರಲ್ಲಿ ರಿಕ್ ಬ್ಯಾರಿ ಎಂಬ ಯುವಕನಿದ್ದ. ನಾಚಿಕೆಯ ಗೊಡವೆಯಿಲ್ಲದೆ ಕೆಳಗಿನಿಂದಲೇ ಎಸೆಯುತ್ತಿದ್ದ ಆತನ ಫ್ರೀ ಥ್ರೋ ಲೆಕ್ಕ ಆ ಸೀಸನ್‌ನಲ್ಲಿ ಶೇ 88ಕ್ಕೂ ಮೇಲೆ. ಎದುರಾಳಿ ಫ್ರೀ ಥ್ರೋಗೆ ನಿಂತಾಗ ರಿಬೌಂಡಿಗಾಗಿ ಬುಟ್ಟಿಯ ಪಕ್ಕದ ಗೆರೆಗೆ ಬಂದು ನಿಲ್ಲಬೇಕಾದವನು ಸೆಂಟರ್. ಆರು ಪಂದ್ಯಗಳ ಉದ್ದಕ್ಕೂ ಬ್ಯಾರಿ ಎರಡು ಕೈಯಲ್ಲಿ ಚೆಂಡನ್ನು ಕೆಳಗಿಳಿಸಿ ಮೃದುವಾಗಿ ಮೇಲಕ್ಕೆ ತೂರುವುದನ್ನು ಚೇಂಬರ್ಲೇನ್ ಕೆಲವೇ ಅಡಿ ದೂರದಿಂದ ನೋಡುತ್ತ ನಿಂತಿರಬೇಕು. ಆ ಸೀಸನ್‌ನಲ್ಲಿ ಆತನದು ಶೇ 44.1. ಸರಣಿಯನ್ನು ಫಿಲಡೆಲ್ಫಿಯಾ 4–2ರಿಂದ ಗೆದ್ದಿತು. ಆ ಶೇ 44ರ ಬಗ್ಗೆ ಆ ವರ್ಷ ಯಾರೂ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿ ಬರಲಿಲ್ಲ.